ಗೋಥಿಕ್ ಚರ್ಚು ಕಟ್ಟಿದ್ದು ಬೆಳಕಿಗಾಗಿಯೇನಾ? ಸುಜೇ, ಸಾಂ-ದೆನಿ, ಶಾರ್ತ್ರ ಬಗ್ಗೆ ಚರ್ಚೆ

ಕಿಟಕಿಪಕ್ಕ:
ಎಲ್ಲರಿಗೂ ನಮಸ್ಕಾರ. ಯುರೋಪಿನ ಕಲಾ ಇತಿಹಾಸದ ಯಾವ ಪುಸ್ತಕ ತೆಗೆದರೂ ಒಂದೇ ಕಥೆ. ಮೊದಲು ರೋಮನೆಸ್ಕ್ ಚರ್ಚುಗಳಿದ್ದವು. ದಪ್ಪ ಗೋಡೆ, ಸಣ್ಣ ಕಿಟಕಿ, ಒಳಗೆ ಕತ್ತಲು. ಆಮೇಲೆ ಪ್ಯಾರಿಸ್ ಪಕ್ಕದ ಸಾಂ-ದೆನಿ ಮಠಕ್ಕೆ ಸುಜೇ ಎಂಬ ಮಠಾಧಿಪತಿ ಬಂದ. ದೇವರೆಂದರೆ ಬೆಳಕು ಎಂದು ನಂಬಿದ್ದ. ಗೋಡೆ ಒಡೆಸಿ ಬಣ್ಣದ ಗಾಜು ಹಾಕಿಸಿದ. 1144ರಲ್ಲಿ ಗೋಥಿಕ್ ಶೈಲಿ ಹುಟ್ಟಿತು, ಮುಗಿಯಿತು.

ಒಂದು ಶೈಲಿ ಇಷ್ಟು ಸಲೀಸಾಗಿ ಹುಟ್ಟುತ್ತದಾ? ಒಬ್ಬ ಸನ್ಯಾಸಿಗೆ ಹೊಳೆದ ತತ್ವದಿಂದ ಅಷ್ಟೆತ್ತರಕ್ಕೆ ಕಲ್ಲು ನಿಲ್ಲುತ್ತದಾ? ಗೊತ್ತಿರುವವರು ಬಿಡಿಸಿ ಹೇಳಿ.

ಹಳೆಕಲ್ಲು ಮೇಷ್ಟ್ರು:
ಒಳ್ಳೆಯ ಪ್ರಶ್ನೆ. ಸುಜೇ ಯಾರು ಎಂಬುದರಿಂದ ಶುರು ಮಾಡೋಣ. ಅವನನ್ನು ಗುಹೆಯಲ್ಲಿ ಧ್ಯಾನ ಮಾಡುವ ಸನ್ಯಾಸಿ ಅಂದುಕೊಳ್ಳಬೇಡಿ. 1122ರಲ್ಲಿ ಮಠಾಧಿಪತಿಯಾದ. ಫ್ರಾನ್ಸಿನ ಇಬ್ಬರು ರಾಜರಿಗೆ ಸಲಹೆಗಾರ. ಏಳನೇ ಲೂಯಿ ಎರಡನೇ ಧರ್ಮಯುದ್ಧಕ್ಕೆ ಹೋದಾಗ ರಾಜ್ಯ ನೋಡಿಕೊಂಡವನೇ ಇವನು. ಸಾಂ-ದೆನಿ ಕೂಡ ಬರೀ ಮಠವಲ್ಲ, ಫ್ರಾನ್ಸಿನ ರಾಜರನ್ನು ಹೂಳುತ್ತಿದ್ದ ಜಾಗ.

ಈ ಕೆಲಸ ಯಾಕೆ ಮಾಡಿಸಿದೆ ಎಂದು ಅವನೇ ಬರೆದಿಟ್ಟಿದ್ದಾನೆ. ಅಲ್ಲಿ ಮೊದಲು ಬರುವುದು ನೂಕುನುಗ್ಗಲು! ಹಬ್ಬದ ದಿನ ಸಂತರ ಅವಶೇಷ ನೋಡಲು ಜನ ಮುಗಿಬೀಳುತ್ತಿದ್ದರು. ಹೆಂಗಸರು ಗಂಡಸರ ತಲೆಯ ಮೇಲೆ ನಡೆದು ಬಲಿಪೀಠ ಮುಟ್ಟಬೇಕಾಗುತ್ತಿತ್ತು ಎನ್ನುತ್ತಾನೆ. ಮೊದಲು ಪಶ್ಚಿಮದ ಮುಂಭಾಗ ಕಟ್ಟಿಸಿದ. ಅದು 1140ರಲ್ಲಿ ಮುಗಿಯಿತು. ಆಮೇಲೆ ಹಿಂಭಾಗ. ಬಲಿಪೀಠವನ್ನು ಸುತ್ತಿ ಬರುವ ಪ್ರದಕ್ಷಿಣೆಯ ದಾರಿ ಮತ್ತು ಅದರ ಅಂಚಿಗೆ ಸಾಲಾಗಿ ಚಿಕ್ಕ ಗುಡಿಗಳು. 1144ರ ಜೂನ್ 11ರಂದು ಪ್ರತಿಷ್ಠೆ.

ಬೆಳಕಿನ ಮಾತೂ ಇದೆ, ಇಲ್ಲ ಎನ್ನಲಾಗದು. ಬಾಗಿಲ ಮೇಲೆ ಕೆತ್ತಿಸಿದ ಪದ್ಯಗಳಲ್ಲಿ ಹೊಳಪು, ಬೆಳಕು ಎಂದು ಮತ್ತೆ ಮತ್ತೆ ಬರುತ್ತದೆ. ಆ ಮಠದ ಸಂತ ದೆನಿಯೂ, ಬೆಳಕಿನ ತತ್ವ ಬರೆದ ಹಳೆಯ ಗ್ರೀಕ್ ಲೇಖಕನೂ ಒಬ್ಬನೇ ಎಂದು ಅಲ್ಲಿನವರು ನಂಬಿದ್ದರು. ಇಬ್ಬರಿಗೂ ಸಂಬಂಧವೇ ಇಲ್ಲ. 1946ರಲ್ಲಿ ಕಲಾ ಇತಿಹಾಸಕಾರ ಎರ್ವಿನ್ ಪನೋಫ್‌ಸ್ಕಿ ಸುಜೇಯ ಬರಹಗಳನ್ನು ಇಂಗ್ಲಿಷಿಗೆ ತಂದು, ಈ ತತ್ವಕ್ಕೆ ದೊಡ್ಡ ಜಾಗ ಕೊಟ್ಟರು. ನೀವು ಓದಿದ ಕಥೆ ಗಟ್ಟಿಯಾಗಿದ್ದು ಬಹುಮಟ್ಟಿಗೆ ಅಲ್ಲಿಂದ. ಅಷ್ಟೊಂದು ಬರೆದ ಸುಜೇ ಕಟ್ಟಿದ ಮೇಸ್ತ್ರಿಯ ಹೆಸರನ್ನು ಮಾತ್ರ ಎಲ್ಲೂ ಹೇಳಿಲ್ಲ. ತನ್ನ ಹೆಸರನ್ನು ಮಾತ್ರ ಬೇಕಾದಷ್ಟು ಕಡೆ ಹಾಕಿಸಿಕೊಂಡಿದ್ದಾನೆ.

ಸಿವಿಲ್ ಸೀನ:
ಮೇಷ್ಟ್ರೇ, ಆ ಹೆಸರಿಲ್ಲದ ಮೇಸ್ತ್ರಿಯ ಪರವಾಗಿ ನಾನು ವಾದ ಮಾಡುತ್ತೇನೆ 😀

ಗೋಥಿಕ್ ಅಂದರೆ ಮೂರು ಸಾಮಾನು ಎನ್ನುತ್ತಾರೆ. ಚೂಪು ಕಮಾನು, ರಿಬ್ (ಪಕ್ಕೆಲುಬಿನಂಥ ಕಲ್ಲಿನ ಪಟ್ಟಿ) ಇರುವ ಛಾವಣಿ, ಹೊರಗಿನಿಂದ ಆನಿಕೆ ಕೊಡುವ ಫ್ಲೈಯಿಂಗ್ ಬಟ್ರೆಸ್. ಮೊದಲ ಎರಡನ್ನು ಸುಜೇ ಕಂಡುಹಿಡಿಯಲಿಲ್ಲ. ಕೈರೋದ ಇಬ್ನ್ ತುಲುನ್ ಮಸೀದಿಯಲ್ಲಿ 879ಕ್ಕೇ ಸಾಲು ಸಾಲು ಚೂಪು ಕಮಾನುಗಳಿವೆ. ಬರ್ಗಂಡಿಯ ಕ್ಲೂನಿ ಮಠದವರು 1088ರಲ್ಲಿ ಶುರು ಮಾಡಿದ ದೊಡ್ಡ ಚರ್ಚಿನಲ್ಲೂ ಇದ್ದವು. ಇಂಗ್ಲೆಂಡಿನ ಡರಂ ಕೆಥೆಡ್ರಲ್ 1093ರಲ್ಲಿ ಶುರುವಾಗಿ 1133ಕ್ಕೆ ಮುಗಿಯಿತು. ಅಲ್ಲಿ ರಿಬ್ ಇದೆ, ಚೂಪು ಕಮಾನೂ ಇದೆ. ಆದರೂ ಡರಂ ಒಳಗೆ ನಿಂತರೆ ಕಂಬಗಳ ದಪ್ಪ ನೋಡಿ ಯಾರೂ ಗೋಥಿಕ್ ಎನ್ನುವುದಿಲ್ಲ.

ಚೂಪು ಕಮಾನಿನ ಲಾಭ ಏನು? ಅರ್ಧವೃತ್ತದ ಕಮಾನಿಗೆ ಅಗಲ ಎಷ್ಟೋ ಅದರ ಅರ್ಧ ಎತ್ತರ. ಬೇರೆ ದಾರಿ ಇಲ್ಲ. ನಾಲ್ಕು ಕಂಬಗಳ ನಡುವಿನ ಅಂಕಣದ ಉದ್ದ ಬೇರೆ, ಅಗಲ ಬೇರೆ ಇದ್ದರೆ ಎರಡು ಕಮಾನುಗಳ ನೆತ್ತಿ ಒಂದೇ ಮಟ್ಟಕ್ಕೆ ಬರುವುದಿಲ್ಲ. ಚೂಪು ಮಾಡಿದರೆ ಅಗಲ ಎಷ್ಟೇ ಇರಲಿ, ಎತ್ತರ ನಮ್ಮ ಕೈಯಲ್ಲಿ. ಜೊತೆಗೆ ಪಕ್ಕಕ್ಕೆ ತಳ್ಳುವ ಬಲ ಕಡಿಮೆ.

ಈ ತಳ್ಳುವ ಬಲವೇ ತಲೆನೋವು. ಎರಡು ಇಸ್ಪೀಟು ಎಲೆ ಒಂದಕ್ಕೊಂದು ಒರಗಿಸಿ ನಿಲ್ಲಿಸಿ ನೋಡಿ, ಬುಡ ಹೊರಗೆ ಜಾರುತ್ತದೆ. ಕಲ್ಲಿನ ಕಮಾನು ಛಾವಣಿಯೂ ಹಾಗೇ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ರೋಮನೆಸ್ಕ್ ಮೇಸ್ತ್ರಿಗಳು ಅದಕ್ಕೆ ಗೋಡೆಯನ್ನೇ ದಪ್ಪ ಮಾಡಿದರು. ಆ ಗೋಡೆಯಲ್ಲಿ ದೊಡ್ಡ ಕಿಟಕಿ ಕೊರೆಯಲು ಧೈರ್ಯ ಬೇಕಲ್ವಾ? ಗೋಥಿಕ್‌ನವರು ಭಾರವನ್ನು ಕೆಲವೇ ಕಂಬಗಳಿಗೆ ತಂದರು. ತಳ್ಳುವ ಬಲವನ್ನು ಕಟ್ಟಡದ ಆಚೆ ನಿಂತ ಆನಿಕೆಗಳಿಗೆ ದಾಟಿಸಿದರು. ನಡುವಿನ ಗೋಡೆಗೆ ಕೆಲಸವೇ ಇಲ್ಲದಂತಾಯಿತು. ಅಲ್ಲಿ ಗಾಜು ಬಂತು.

ಅನುಮಾನಪ್ಪ:
ಹಾಗಾದರೆ ಅರಬರಿಂದ ಕದ್ದದ್ದು ಅಂತ ನೇರವಾಗಿ ಹೇಳಬಹುದಲ್ಲ. ಯುರೋಪಿನವರ ಸ್ವಂತದ್ದು ಏನಿದೆ?

ಹಳೆಕಲ್ಲು ಮೇಷ್ಟ್ರು:
ಚೂಪು ಕಮಾನು ಇಸ್ಲಾಮೀ ನಾಡುಗಳಿಂದ ಬಂದಿರುವ ಸಾಧ್ಯತೆ ಜಾಸ್ತಿ. ಸಿಸಿಲಿ, ಸ್ಪೇನ್, ದಕ್ಷಿಣ ಇಟಲಿಯಲ್ಲಿ ಎರಡೂ ಕಡೆಯವರ ಒಡನಾಟವಿತ್ತು. ಕದ್ದದ್ದು ಎನ್ನುವುದಾದರೆ ಕ್ರೈಸ್ತ ಕಟ್ಟಡದ ಇತಿಹಾಸ ಪೂರ್ತಿ ಹಾಗೇ ಎನ್ನಬೇಕಾಗುತ್ತದೆ. ಮೊದಲ ದೊಡ್ಡ ಚರ್ಚುಗಳು ಯಾವ ನಮೂನೆಯವು? ರೋಮನ್ನರ ಕೋರ್ಟು, ವ್ಯಾಪಾರ ನಡೆಯುತ್ತಿದ್ದ ಬೆಸಿಲಿಕಾ ಎಂಬ ಸಾರ್ವಜನಿಕ ಹಜಾರದ ನಮೂನೆ. ರೋಮನ್ ದೇವಸ್ಥಾನದ ನಮೂನೆ ಅವರಿಗೆ ಒಗ್ಗುತ್ತಿರಲಿಲ್ಲ. ಅಲ್ಲಿ ಬಲಿ ಕೊಡುವುದು ಹೊರಗೆ, ಜನ ನಿಲ್ಲುವುದು ಹೊರಗೆ. ಕ್ರೈಸ್ತರಿಗೆ ಎಲ್ಲರೂ ಒಳಗೆ ಸೇರಬೇಕಿತ್ತು. 313ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕ್ರೈಸ್ತ ಧರ್ಮಕ್ಕೆ ಸ್ವಾತಂತ್ರ್ಯ ಕೊಟ್ಟ ಮೇಲೆ ಬೆಸಿಲಿಕಾ ಹಿಡಿದರು. ರೋಮಿನ ಸಾಂತಾ ಸಬೀನಾ ಇವತ್ತಿಗೂ ಇದೆ, ಐದನೇ ಶತಮಾನದ್ದು. ಮರದ ಛಾವಣಿ, ಕಂಬಸಾಲು. ಅಲ್ಲೇನೂ ಕತ್ತಲಿಲ್ಲ. ಮೇಲೆ ದೊಡ್ಡ ದೊಡ್ಡ ಕಿಟಕಿಗಳಿವೆ!

ಕತ್ತಲು ಬಂದದ್ದು ಆಮೇಲೆ. ಮರದ ಛಾವಣಿಗೆ ಬೆಂಕಿ ಬೀಳುತ್ತದೆ ಎಂದು ಕಲ್ಲಿನ ಛಾವಣಿ ಹಾಕಲು ಹೊರಟಾಗ.

ಬಣ್ಣದ ಮಂಗ್ಳೂರಿಗ:
ಎಲ್ಲರೂ ಕಲ್ಲು ಕಲ್ಲು ಅಂತಲೇ ಹೇಳುತ್ತಿದ್ದೀರಿ ಮಾರಾಯ್ರೆ. ನಾನು ಚಿತ್ರ ಬರೆಯುವವನು, ನನಗೆ ಬೇರೆ ಥರ ಕಾಣುತ್ತದೆ. ಚರ್ಚಿನಲ್ಲಿ ಚಿತ್ರ ಎಲ್ಲಿ ಕೂರುತ್ತದೆ ಎಂದು ನೋಡುತ್ತಾ ಬನ್ನಿ.

ಇಟಲಿಯ ರವೆನ್ನಾದ ಸಾನ್ ವಿತಾಲೆ ಚರ್ಚು, 547ರಲ್ಲಿ ಪ್ರತಿಷ್ಠೆ ಆದದ್ದು. ಅಲ್ಲಿ ಚಿತ್ರವೆಲ್ಲ ಮೊಸಾಯಿಕ್. ಚಿನ್ನದ ಹಾಳೆ ಸೇರಿಸಿದ ಗಾಜಿನ ಚೂರುಗಳನ್ನು ಸ್ವಲ್ಪ ಸ್ವಲ್ಪ ಓರೆ ಮಾಡಿ ಗಾರೆಯಲ್ಲಿ ಕೂರಿಸಿದ್ದಾರೆ. ನೀವು ನಡೆದಂತೆ ಗೋಡೆ ಮಿನುಗುತ್ತದೆ. ಅದಕ್ಕೆ ಗೋಡೆ ಬೇಕು, ಬಾಗಿದ ಗೋಡೆಯಾದರೆ ಇನ್ನೂ ಚೆನ್ನ.

ರೋಮನೆಸ್ಕ್ ಕಾಲಕ್ಕೆ ಪಶ್ಚಿಮದಲ್ಲಿ ಹೆಚ್ಚಿನ ಕಡೆ ಮೊಸಾಯಿಕ್‌ಗೆ ದುಡ್ಡಿಲ್ಲ. ಗೋಡೆಗೆ ಬಣ್ಣ ಬಳಿದರು. ಸ್ಪೇನಿನ ಪಿರನೀಸ್ ಬೆಟ್ಟದ ತಾವುಲ್ ಹಳ್ಳಿಯ ಸಾಂತ್ ಕ್ಲಿಮೆಂತ್ ಚರ್ಚು 1123ರಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿನ ಕ್ರಿಸ್ತನ ಚಿತ್ರವನ್ನು 20ನೇ ಶತಮಾನದಲ್ಲಿ ಗೋಡೆಯಿಂದ ಬಟ್ಟೆಗೆ ಅಂಟಿಸಿ ಎಬ್ಬಿಸಿ ಬಾರ್ಸಿಲೋನಾಕ್ಕೆ ಒಯ್ದರು. ಆ ಕಣ್ಣು, ಆ ನೀಲಿ, ಆ ದಪ್ಪ ಗೆರೆ! ಕತ್ತಲಿನ ಶೈಲಿ ಎಂದು ಕರೆಯುವವರು ಒಮ್ಮೆ ಅದನ್ನು ನೋಡಬೇಕು. ನಾವು ಇವತ್ತು ನೋಡುವ ಬೋಳು ಕಲ್ಲು ಅವರು ನೋಡಿದ್ದೇ ಅಲ್ಲ. ಗೋಥಿಕ್ ಕೂಡ ಹಾಗೆ. ಆಮಿಯಾಂ ಚರ್ಚಿನ ಮುಂಭಾಗವನ್ನು 1990ರ ದಶಕದಲ್ಲಿ ಲೇಸರ್ ಹಿಡಿದು ತೊಳೆದಾಗ ಶಿಲ್ಪಗಳ ಮೇಲೆ ಹಳೆಯ ಬಣ್ಣದ ಗುರುತು ಸಿಕ್ಕಿತು.

ಆಮೇಲೆ ಬಾಗಿಲ ಮೇಲಿನ ಅರ್ಧಚಂದ್ರದ ಕಲ್ಲು. ಫ್ರಾನ್ಸಿನ ಕಾಂಕ್, ಓತುಂ ಚರ್ಚುಗಳಲ್ಲಿ ಅಲ್ಲಿ ಕಡೆಯ ತೀರ್ಪಿನ ದೃಶ್ಯ, ಅಂದರೆ ಲೋಕದ ಕೊನೆಗೆ ಕ್ರಿಸ್ತ ಎಲ್ಲರಿಗೂ ತೀರ್ಪು ಕೊಡುವುದು. ಓತುಂನಲ್ಲಿ ಕ್ರಿಸ್ತನ ಕಾಲಡಿ ಲ್ಯಾಟಿನ್‌ನಲ್ಲಿ ಗಿಸ್ಲೆಬೆರ್ಟಸ್ ಇದನ್ನು ಮಾಡಿದ ಎಂದು ಕೆತ್ತಿದೆ. ಅದು ಶಿಲ್ಪಿಯ ಹೆಸರೋ ಮಾಡಿಸಿದವರ ಹೆಸರೋ ಎಂಬ ಜಗಳ ಇನ್ನೂ ಇದೆ. 1766ರಲ್ಲಿ ಅಲ್ಲಿನ ಪಾದ್ರಿಗಳಿಗೆ ಈ ಉದ್ದುದ್ದ ಮೂಳೆಯಂಥ ಆಕೃತಿಗಳು ಕಂಡರೆ ಆಗಲಿಲ್ಲ. ಗಾರೆ ಮೆತ್ತಿಸಿಬಿಟ್ಟರು. ಮುಂದೆ ಫ್ರೆಂಚ್ ಕ್ರಾಂತಿಯಲ್ಲಿ ಊರೂರಲ್ಲಿ ಮೂರ್ತಿ ಒಡೆದರು, ಇದು ಗಾರೆಯೊಳಗೆ ಕ್ಷೇಮವಾಗಿತ್ತು. 1837ರಲ್ಲಿ ತೆಗೆದರು.

ಸಾಂ-ದೆನಿಯಲ್ಲಿ, ಪ್ಯಾರಿಸ್ ಹತ್ತಿರದ ಶಾರ್ತ್ರ ಊರಿನ ಕೆಥೆಡ್ರಲ್‌ನಲ್ಲಿ ಚಿತ್ರ ಕಿಟಕಿಗೆ ಹೋಯಿತು. ಅಷ್ಟೇ ವಿಷಯ. ಗೋಡೆ ತೆಗೆದದ್ದು ಬೆಳಕು ತರಲಿಕ್ಕಲ್ಲ, ಚಿತ್ರಕ್ಕೆ ಜಾಗ ಮಾಡಲಿಕ್ಕೆ.

ಕಿಟಕಿಪಕ್ಕ:
ಇದು ಹೊಸ ದಾರಿ ಸರ್. ಆದರೆ ಗಾಜಿನಿಂದ ಬೆಳಕೂ ಬರುತ್ತದಲ್ಲ? ಎರಡೂ ಒಂದೇ ಆಗಲಿಲ್ಲವಾ?

ಕ್ಯೋಲ್ನ್ ಕನ್ನಡತಿ:
ಇಲ್ಲಿ ನಾನು ಬಾಯಿ ಹಾಕುತ್ತೇನೆ. ಶಾರ್ತ್ರ ಒಳಗೆ ಹೋದವರಿಗೆ ಮೊದಲು ಅನ್ನಿಸುವುದು ಎಷ್ಟು ಕತ್ತಲು ಅಂತ! ಕಿಟಕಿ ದೊಡ್ಡದು, ನಿಜ. ಎಲ್ಲಾ ಸೇರಿ ಸುಮಾರು 2,600 ಚದರ ಮೀಟರ್ ಗಾಜು. ಆದರೆ ಕಡು ನೀಲಿ, ಕಡು ಕೆಂಪು. ಬಿಸಿಲು ಅರ್ಧಕ್ಕರ್ಧ ಅಲ್ಲೇ ನಿಂತುಬಿಡುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ಗಾಜು ಉರಿಯುತ್ತಿರುವ ಹಾಗೆ ಕಾಣುತ್ತದೆ, ನೆಲ ಮಬ್ಬಾಗಿಯೇ ಇರುತ್ತದೆ.

ಬೆಳಕೇ ಬೇಕಿದ್ದರೆ ಬಿಳಿ ಗಾಜು ಹಾಕುತ್ತಿದ್ದರು. ಅದು ಅಗ್ಗವೂ ಹೌದು. 13ನೇ ಶತಮಾನದ ಕೊನೆಗೆ ಹಾಗೆ ಮಾಡಿದರು ಕೂಡ. ನಡುವೆ ಬಣ್ಣದ ಚಿತ್ರ, ಮೇಲೆ ಕೆಳಗೆ ಬೂದು ಬಿಳುಪಿನ ಗಾಜು. ಹಾಗಾಗಿ ಮಂಗಳೂರಿನವರ ಮಾತಿಗೆ ನನ್ನ ಓಟು.

ಸಿವಿಲ್ ಸೀನ:
ಮೇಡಂ, ಹಾಗೆ ಪೂರ್ತಿ ಒಪ್ಪಲಾಗದು. ಫೋಂತನೇ ಮಠ ನೋಡಿ. ಬರ್ಗಂಡಿಯದು, ಸಿಸ್ಟರ್ಷಿಯನ್ ಪಂಥದವರದು. ಚರ್ಚು ಕಟ್ಟಿದ್ದು 1139ರಿಂದ 1147. ಅಂದರೆ ಸುಜೇ ಸಾಂ-ದೆನಿ ಕಟ್ಟಿಸುತ್ತಿದ್ದ ಅದೇ ವರ್ಷಗಳು. ಅಲ್ಲೂ ಚೂಪು ಕಮಾನು. ಆದರೆ ಒಂದು ಶಿಲ್ಪ ಇಲ್ಲ, ಬಣ್ಣದ ಗಾಜಿಲ್ಲ. ಚಿತ್ರಕ್ಕೆ ಜಾಗ ಮಾಡಲು ಹೊರಟು ಚೂಪು ಕಮಾನು ಬಂತು ಅಂದರೆ ಇವರಿಗೆ ಯಾಕೆ ಬೇಕಿತ್ತು?

ಹಳೆಕಲ್ಲು ಮೇಷ್ಟ್ರು:
ಸೀನ ಅವರೇ, ಒಳ್ಳೆಯ ಜಾಗಕ್ಕೆ ಕೈ ಹಾಕಿದಿರಿ. ಫೋಂತನೇ ಹಿಂದೆ ನಿಂತವರು ಅದೇ ಪಂಥದ ಮಠಾಧಿಪತಿ, ಕ್ಲೇರ್ವೋದ ಬರ್ನಾರ್ಡ್. 1125ರ ಹೊತ್ತಿಗೆ ಅವರು ಒಂದು ಖಾರವಾದ ಪತ್ರ ಬರೆದರು. ಚರ್ಚಿನ ಗೋಡೆ ಥಳಥಳ ಹೊಳೆಯುತ್ತದೆ, ಬಡವರಿಗೆ ಗತಿಯಿಲ್ಲ. ಕಲ್ಲಿಗೆ ಚಿನ್ನ ಹೊದಿಸಿ ಮಕ್ಕಳನ್ನು ಬೆತ್ತಲೆ ಬಿಟ್ಟಿದ್ದೀರಿ. ಇದು ಅದರ ಸಾರ. ಮಠದ ಕಂಬಗಳ ಮೇಲೆ ಕೋತಿ, ಸಿಂಹ, ಒಂದು ತಲೆಗೆ ಹಲವು ಮೈ ಇರುವ ವಿಚಿತ್ರ ಪ್ರಾಣಿಗಳು ಯಾಕೆ ಎಂದೂ ಕೇಳುತ್ತಾರೆ. ಸನ್ಯಾಸಿಗಳು ಪುಸ್ತಕ ಬಿಟ್ಟು ಕಲ್ಲು ಓದುತ್ತಾ ಕೂರುತ್ತಾರೆ ಎನ್ನುವುದು ಅವರ ದೂರು. ಆದರೆ ಆ ಪ್ರಾಣಿಗಳನ್ನು ಬರ್ನಾರ್ಡ್ ಎಷ್ಟು ಬಿಡಿಬಿಡಿಯಾಗಿ ವರ್ಣಿಸುತ್ತಾರೆ ಅಂದರೆ, ಅವರೂ ಬಹಳ ಹೊತ್ತು ನಿಂತು ನೋಡಿದ್ದಾರೆ ಎಂಬ ಗುಮಾನಿ ನನಗೆ.

ಹಾಗಾಗಿ ಕಮಾನು ಒಂದು ಕಥೆ, ಕಿಟಕಿ ಇನ್ನೊಂದು ಕಥೆ. ಕಮಾನು ಎಲ್ಲರ ಕೈಯಲ್ಲೂ ಇದ್ದ ಸಲಕರಣೆ. ಅದರಿಂದ ಸಿಕ್ಕ ಜಾಗವನ್ನು ಯಾವುದಕ್ಕೆ ಬಳಸಬೇಕು ಎಂಬಲ್ಲಿ ಸುಜೇ ಒಂದು ಕಡೆ ಹೋದ, ಬರ್ನಾರ್ಡ್ ಇನ್ನೊಂದು ಕಡೆ.

ಬಣ್ಣದ ಮಂಗ್ಳೂರಿಗ:
ಮೇಷ್ಟ್ರು ನನ್ನ ವಾದವನ್ನು ನನಗಿಂತ ಚೆನ್ನಾಗಿ ಹೇಳಿದರು 🙏 ಇನ್ನೊಂದು ಸಾಕ್ಷಿ ಇಟಲಿ. ಅಲ್ಲಿಯೂ ಚೂಪು ಕಮಾನು ಬಂತು, ಆದರೆ ಗೋಡೆ ಕರಗಲಿಲ್ಲ. ಯಾಕೆ? ಅಲ್ಲಿ ಚಿತ್ರಕಾರನಿಗೆ ಗೋಡೆ ಬೇಕಿತ್ತು. ಪಾದುವಾದಲ್ಲಿ 1305ರ ಸುಮಾರಿಗೆ ಜೊತ್ತೋ ಬರೆದ ಚಾಪೆಲ್ ನೋಡಿ. ಹೊರಗಿನಿಂದ ಇಟ್ಟಿಗೆಯ ಗೋದಾಮು. ಒಂದು ಪಕ್ಕದ ಗೋಡೆಯಲ್ಲಿ ಕಿಟಕಿಯೇ ಇಲ್ಲ. ಒಳಗೆ ಹಸಿ ಗಾರೆಯ ಮೇಲೆ ಮೇರಿಯ ಕಥೆ, ಕ್ರಿಸ್ತನ ಕಥೆ. ಜನರಿಗೆ ಬೆನ್ನಿದೆ, ತೂಕ ಇದೆ, ಅಳು ಇದೆ. ಅದೇ ಜೊತ್ತೋ ಪ್ಯಾರಿಸ್‌ನಲ್ಲಿ ಹುಟ್ಟಿದ್ದರೆ ಬರೆಯಲು ಅವನಿಗೆ ಗೋಡೆ ಎಲ್ಲಿ ಸಿಗುತ್ತಿತ್ತು? ಅಲ್ಲಿಯ ಸೇಂತ್ ಶಾಪೆಲ್ 1248ರದು, ಮೇಲಂತಸ್ತಿನಲ್ಲಿ ಗಾಜು ಬಿಟ್ಟರೆ ಕಂಬ ಮಾತ್ರ.

ಅನುಮಾನಪ್ಪ:
ಚಿತ್ರ ಚಿತ್ರ ಅನ್ನುತ್ತೀರಿ, 20 ಮೀಟರ್ ಮೇಲಿರುವ ಕಿಟಕಿಯ ಚಿತ್ರ ಯಾರಿಗೆ ಕಾಣುತ್ತದೆ? ಓದು ಬರಹ ಬಾರದವರ ಬೈಬಲ್ ಅಂತ ಎಲ್ಲಾ ಗೈಡುಗಳೂ ಹೇಳುತ್ತಾರೆ. ಓದು ಬಾರದವನಿಗೆ ಆ ಕಥೆ ಮೊದಲೇ ಗೊತ್ತಿಲ್ಲದಿದ್ದರೆ ಅಲ್ಲಿ ಏನು ಅರ್ಥವಾಗುತ್ತದೆ? ಇನ್ನು ದುಡ್ಡಿನ ವಿಷಯ ಯಾರೂ ಎತ್ತಿಲ್ಲ.

ಹಳೆಕಲ್ಲು ಮೇಷ್ಟ್ರು:
ಸರಿಯಾದ ಅನುಮಾನ. ಆ ಮಾತಿನ ಮೂಲ ಸುಮಾರು 600ರಲ್ಲಿ ಪೋಪ್ ಗ್ರೆಗರಿ ಮಾರ್ಸೇಯ ಬಿಷಪ್ಪನಿಗೆ ಬರೆದ ಪತ್ರ. ಆ ಬಿಷಪ್ ಚಿತ್ರಗಳನ್ನು ಒಡೆಸಿದ್ದ. ಪೂಜೆ ಬೇಡ ಸರಿ, ಒಡೆಯಬೇಡ, ಓದಲು ಬಾರದವರು ಅದರಿಂದ ತಿಳಿಯುತ್ತಾರೆ ಎಂದು ಗ್ರೆಗರಿ ಸಮಾಧಾನ ಹೇಳಿದ. ಪಶ್ಚಿಮದ ಚರ್ಚು ಮುಂದೆ ಚಿತ್ರದ ಪರ ಮಾತಾಡುವಾಗಲೆಲ್ಲ ಇದನ್ನೇ ಎತ್ತಿಕೊಂಡಿತು. ಪೂರ್ವದ ಬೈಜಾಂಟಿಯಂನಲ್ಲಿ 8-9ನೇ ಶತಮಾನದಲ್ಲಿ ಚಿತ್ರ ಬೇಕೋ ಬೇಡವೋ ಎಂದು ದೊಡ್ಡ ಹೊಡೆದಾಟವೇ ನಡೆಯಿತು. ಅಲ್ಲಿ 843ರಲ್ಲಿ ಚಿತ್ರದ ಪಕ್ಷ ಗೆದ್ದಿತು. ಅದಕ್ಕೇ ಬೇರೆ ಚರ್ಚೆ ಬೇಕು, ಇಲ್ಲಿ ಬಿಡುತ್ತೇನೆ.

ಮೇಲಿನ ಕಿಟಕಿಗಳಿಗೆ ಬರೋಣ. ಅಲ್ಲಿ ಒಂದೊಂದೇ ಸಂತರ ದೊಡ್ಡ ಆಕೃತಿ ಇಡುತ್ತಾರೆ, ದೂರಕ್ಕೂ ಕಾಣಲಿ ಎಂದು. ಕೆಳಗಿನವುಗಳಲ್ಲಿ ಸಣ್ಣ ಸಣ್ಣ ದೃಶ್ಯ. ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಪಾದ್ರಿಗಳು ಬೋಧನೆಯಲ್ಲಿ ಹೇಳಿದ ಕಥೆಯನ್ನು ನೆನಪಿಸಿಕೊಳ್ಳಲು ಅದು ಸಾಕು. ಗೊತ್ತಿಲ್ಲದವನಿಗೆ ಕಲಿಸಲು ಸಾಲದು.

ದುಡ್ಡು: ಶಾರ್ತ್ರ 1194ರ ಜೂನ್‌ನಲ್ಲಿ ಸುಟ್ಟುಹೋಯಿತು. ಮೇರಿಯದೆಂದು ನಂಬಿದ್ದ ಅಂಗಿ ಉಳಿಯಿತು. ಹೊಸ ಚರ್ಚು ಬೇಕೆಂದು ಆಕೆಯೇ ಸೂಚಿಸಿದ್ದಾಳೆ ಎಂದು ಸಾರಿದರು. ಜನ ಕೊಟ್ಟರು. 1220ರ ಹೊತ್ತಿಗೆ ಬಹುಪಾಲು ಎದ್ದು ನಿಂತಿತು! ಆ ಕಾಲಕ್ಕೆ ಅದು ಭಾರೀ ವೇಗ. ಕಿಟಕಿಗಳ ತಳದಲ್ಲಿ ರೊಟ್ಟಿ ಸುಡುವವರು, ಚಪ್ಪಲಿ ಹೊಲಿಯುವವರು, ತುಪ್ಪಳ ಮಾರುವವರು ಇದ್ದಾರೆ. ಇವರೇ ದಾನಿಗಳು ಎಂದು ಹಿಂದೆ ಹೇಳುತ್ತಿದ್ದರು. ಪಾದ್ರಿಗಳೇ ತಮಗೆ ಬೇಕಾದಂತೆ ವಿಧೇಯ ವ್ಯಾಪಾರಿಗಳನ್ನು ಬರೆಸಿಕೊಂಡರು ಎಂಬ ವಾದವೂ ಈಗ ಇದೆ. ನನಗೆ ಎರಡನೆಯದು ಹೆಚ್ಚು ಸರಿ ಎನಿಸುತ್ತದೆ. ಯಾಕೆಂದರೆ ಎಲ್ಲ ಕಡೆ ಜನ ಖುಷಿಯಿಂದ ಕೊಡಲಿಲ್ಲ. ರೀಮ್ಸ್‌ನಲ್ಲಿ 1233ರಲ್ಲಿ ಊರಿನವರು ದಂಗೆ ಎದ್ದರು, ಪಾದ್ರಿಗಳು ಊರು ಬಿಟ್ಟರು, ಕೆಲಸ ವರ್ಷಗಟ್ಟಲೆ ನಿಂತಿತು.

ಇನ್ನು ಸೇಂತ್ ಶಾಪೆಲ್. ಅದನ್ನು ಕಟ್ಟಲು ಆ ಕಾಲದ ಫ್ರೆಂಚ್ ಹಣದಲ್ಲಿ 40,000 ಲಿವ್ರ್ ಆಯಿತಂತೆ. ಅದರೊಳಗೆ ಇಡಲು ರಾಜ ಒಂಬತ್ತನೇ ಲೂಯಿ ಕೊಂಡ, ಕ್ರಿಸ್ತನದೆಂದು ನಂಬಿದ್ದ ಮುಳ್ಳಿನ ಕಿರೀಟಕ್ಕೆ 1,35,000.

ಸಿವಿಲ್ ಸೀನ:
ದುಡ್ಡಿನ ಜೊತೆ ಪೈಪೋಟಿಯೂ ಸೇರಿಸಿ. ಒಳಗಿನ ಛಾವಣಿಯ ಎತ್ತರ ಶಾರ್ತ್ರದಲ್ಲಿ ಸುಮಾರು 37 ಮೀಟರ್. ಆಮಿಯಾಂ 42. ಬೊವೆಯವರು 48ಕ್ಕೆ ಹೋದರು. 1272ಕ್ಕೆ ಛಾವಣಿ ಮುಗಿಯಿತು, 1284ರಲ್ಲಿ ಒಂದು ಭಾಗ ಕುಸಿಯಿತು. ಬುದ್ಧಿ ಬಂತಾ? ಕಂಬಗಳ ನಡುವೆ ಇನ್ನಷ್ಟು ಕಂಬ ಹಾಕಿ ಎಬ್ಬಿಸಿದರು. 16ನೇ ಶತಮಾನದಲ್ಲಿ ಚರ್ಚಿನ ಮುಖ್ಯ ಹಜಾರ ಕಟ್ಟುವುದು ಬಿಟ್ಟು ಸುಮಾರು 150 ಮೀಟರಿನ ಗೋಪುರ ಏರಿಸಿದರು. 1569ಕ್ಕೆ ಮುಗಿದದ್ದು 1573ಕ್ಕೆ ಬಿತ್ತು. ಹಜಾರ ಇವತ್ತಿಗೂ ಇಲ್ಲ. ಇದೆಲ್ಲ ಲೆಕ್ಕ ಹಾಕಿ ಕಟ್ಟಿದ್ದಲ್ಲ, ಹಿಂದಿನ ಚರ್ಚಿನ ಅನುಪಾತ ನೋಡಿ, ಅನುಭವದ ಮೇಲೆ ಕಟ್ಟಿದ್ದು.

ರಿಬ್ ಬಗ್ಗೆಯೂ ಒಂದು ಮಾತು. ರಿಬ್ಬೇ ಛಾವಣಿ ಹೊರುತ್ತದೆ ಎಂದು ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಆದರೆ ಮಹಾಯುದ್ಧದಲ್ಲಿ ಹಾನಿಯಾದ ಕೆಲವು ಚರ್ಚುಗಳಲ್ಲಿ ರಿಬ್ ಉದುರಿದರೂ ಮೇಲಿನ ಕಲ್ಲು ನಿಂತೇ ಇತ್ತು. ಕಟ್ಟುವಾಗ ಅದರ ಉಪಯೋಗ ಜಾಸ್ತಿ. ಮೊದಲು ರಿಬ್‌ಗೆ ಸೆಂಟ್ರಿಂಗ್ (ತಾತ್ಕಾಲಿಕ ಮರದ ಆಸರೆ) ಕೊಟ್ಟು ಕಟ್ಟಿಕೊಂಡರೆ ನಡುವಿನ ಭಾಗಕ್ಕೆ ಮರ ಕಡಿಮೆ ಸಾಕು.

ಕ್ಯೋಲ್ನ್ ಕನ್ನಡತಿ:
ನಮ್ಮೂರಿನ ಚರ್ಚಿನದೂ ಹೇಳಿಬಿಡುತ್ತೇನೆ. ಕ್ಯೋಲ್ನ್ ಕೆಥೆಡ್ರಲ್ 1248ರಲ್ಲಿ ಶುರುವಾಯಿತು. 16ನೇ ಶತಮಾನದಲ್ಲಿ ನಿಂತುಹೋಯಿತು. ಅರ್ಧ ಗೋಪುರದ ಮೇಲೆ ಮರದ ಕ್ರೇನು ಮುನ್ನೂರು ವರ್ಷ ಹಾಗೇ ನಿಂತಿತ್ತು. 1842ರಲ್ಲಿ ಮತ್ತೆ ಶುರು ಮಾಡಿ 1880ರಲ್ಲಿ ಮುಗಿಸಿದರು. ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿಗೆ ಇದೇ ಮಾದರಿ ಎನ್ನುತ್ತಾರಲ್ಲ, ಅಲ್ಲಿರುವ ಜೋಡಿ ಶಿಖರದ ರೂಪ ಇಲ್ಲಿ ಪೂರ್ತಿಯಾದದ್ದು 19ನೇ ಶತಮಾನದಲ್ಲಿ. ಪ್ಯಾರಿಸ್ ನೋತ್ರ ದಾಮ್ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತ ರಾಕ್ಷಸನ ಫೋಟೊ ಎಲ್ಲರೂ ಹಾಕುತ್ತಾರೆ. ಅದೂ 19ನೇ ಶತಮಾನದ್ದೇ.

ಕಿಟಕಿಪಕ್ಕ:
ನೋತ್ರ ದಾಮ್ ಬೆಂಕಿಯಲ್ಲಿ ಛಾವಣಿ ಪೂರ್ತಿ ಹೋಯಿತು ಅಂದರು. ಒಳಗಿನದು ಉಳಿದದ್ದು ಹೇಗೆ?

ಸಿವಿಲ್ ಸೀನ:
ಎರಡು ಛಾವಣಿ ಇರುತ್ತದೆ. ಒಳಗೆ ಕಾಣುವುದು ಕಲ್ಲಿನದು. ಅದರ ಮೇಲೆ ಮಳೆಗೆ ಮರದ ಚೌಕಟ್ಟು, ಸೀಸದ ಹೊದಿಕೆ. 2019ರ ಏಪ್ರಿಲ್ 15ರಂದು ಸುಟ್ಟದ್ದು ಮೇಲಿನದು. ಶಿಖರ ಬಿದ್ದ ಕಡೆ ಕಲ್ಲಿನ ಛಾವಣಿ ತೂತಾಯಿತು, ಉಳಿದದ್ದು ಬಹುಪಾಲು ತಡೆಯಿತು. ಮಧ್ಯಯುಗದವರು ಕಲ್ಲಿನ ಛಾವಣಿ ಹಾಕಿದ್ದು ಇದಕ್ಕೇ ಅಲ್ವಾ? ರಿಪೇರಿ ವೇಳೆ 1160ರ ದಶಕದಿಂದಲೇ ಕಲ್ಲುಗಳ ನಡುವೆ ಕಬ್ಬಿಣದ ಕೊಂಡಿ ಹಾಕಿದ್ದರು ಎಂಬುದೂ ತಿಳಿಯಿತು. 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದರು.

ಅನುಮಾನಪ್ಪ:
ಶಾರ್ತ್ರ ಒಳಗೆ ಈಚೆಗೆ ಸುಣ್ಣ ಬಳಿದು ಹಾಳು ಮಾಡಿದರಂತೆ? ಮೇಡಂ ಕತ್ತಲು ಎನ್ನುತ್ತಿದ್ದಾರೆ, ಫೋಟೊದಲ್ಲಿ ಕೆನೆ ಬಣ್ಣದಲ್ಲಿ ಫಳಫಳ ಅನ್ನುತ್ತಿದೆ.

ಕ್ಯೋಲ್ನ್ ಕನ್ನಡತಿ:
2009ರಿಂದ ನಡೆದ ಕೆಲಸ ಅದು. ಮೇಣದಬತ್ತಿಯ ಹೊಗೆ, ಧೂಳು ತೆಗೆದಾಗ ಕೆಳಗೆ 13ನೇ ಶತಮಾನದ ಲೇಪ ಸಿಕ್ಕಿತು. ತಿಳಿ ಹಳದಿ, ಅದರ ಮೇಲೆ ಕಲ್ಲಿನ ಸಂದಿನಂತೆ ಬಿಳಿ ಗೆರೆ. ಅದನ್ನೇ ಮತ್ತೆ ತಂದೆವು ಎನ್ನುತ್ತಾರೆ. ವಿರೋಧಿಸುವವರ ಮಾತಲ್ಲೂ ಹುರುಳಿದೆ. ಗೋಡೆ ಬೆಳ್ಳಗಾದರೆ ಗಾಜಿನ ಬಣ್ಣ ಕಣ್ಣಿಗೆ ಕಡಿಮೆ ಹೊಳೆಯುತ್ತದೆ. ಕಪ್ಪಾಗಿದ್ದ ಮೇರಿಯ ಮೂರ್ತಿಯನ್ನು ಬೆಳ್ಳಗೆ ಮಾಡಿದ್ದಕ್ಕೆ ಭಕ್ತರಿಗೂ ಸಿಟ್ಟು. ನನಗಂತೂ ಗೋಡೆ ಒಪ್ಪಿಗೆ, ಮೂರ್ತಿ ಒಪ್ಪಿಗೆ ಇಲ್ಲ. ನೂರಾರು ವರ್ಷ ಜನ ಕಪ್ಪು ಮೇರಿ ಎಂದೇ ಮೊರೆಯಿಟ್ಟಿದ್ದರೆ ಅದೂ ಇತಿಹಾಸವೇ.

ಬಣ್ಣದ ಮಂಗ್ಳೂರಿಗ:
ನಾನು ಉಲ್ಟಾ. ಗೋಡೆ ಮುಟ್ಟಬಾರದಿತ್ತು.

ಕಿಟಕಿಪಕ್ಕ:
ಇದಕ್ಕೆ ಇನ್ನೊಂದು ಚರ್ಚೆ ತೆರೆಯಬೇಕಾದೀತು 😀 ಪ್ಯಾರಿಸ್‌ಗೆ ಹೋಗುವ ಅವಕಾಶ ಬಂದಿದೆ. ಒಂದೇ ದಿನ ಬಿಡುವು. ಸಾಂ-ದೆನಿಗೋ ಶಾರ್ತ್ರಗೋ?

ಕ್ಯೋಲ್ನ್ ಕನ್ನಡತಿ:
ಬೆಳಿಗ್ಗೆ ಸಾಂ-ದೆನಿ, ಮೆಟ್ರೋದಲ್ಲೇ ಹೋಗಬಹುದು. ಸುಜೇಯ ಕಾಲದ್ದು ಪಶ್ಚಿಮ ಮುಂಭಾಗ, ಹಿಂದಿನ ಪ್ರದಕ್ಷಿಣೆಯ ದಾರಿ, ಅದರ ಕೆಳಗಿನ ನೆಲಮಾಳಿಗೆ ಮಾತ್ರ. ಎತ್ತರದ ಭಾಗ 1231ರ ನಂತರದ್ದು, ಅದನ್ನು ಸುಜೇ ಲೆಕ್ಕಕ್ಕೆ ಹಾಕಬೇಡಿ. ಮಧ್ಯಾಹ್ನ ಮೊಂಪಾರ್ನಾಸ್ ಸ್ಟೇಷನ್ನಿನಿಂದ ಶಾರ್ತ್ರ ರೈಲು, ಒಂದು ಗಂಟೆಯ ಮೇಲೆ ಸ್ವಲ್ಪ. ಪಶ್ಚಿಮದ ಮೂರು ಕಿಟಕಿಗಳು ಬೆಂಕಿಗಿಂತ ಮುಂಚಿನವು, 12ನೇ ಶತಮಾನದ್ದು. ಸಂಜೆ ಬಿಸಿಲಿಗೇ ಅವು ನೋಡಲು ಚೆಂದ, ಹಾಗಾಗಿ ತಡವಾದರೂ ನಷ್ಟವಿಲ್ಲ. ಬೈನಾಕ್ಯುಲರ್ ಇದ್ದರೆ ಒಯ್ಯಿರಿ, ರೊಟ್ಟಿಯವರನ್ನೂ ಚಪ್ಪಲಿಯವರನ್ನೂ ಹುಡುಕಬೇಕಲ್ಲ.